ಕಾಣೆಯಾದದ್ದು ಮಾಹಿತಿಯಲ್ಲ, ದುಭಾಷಿ!

ದಾಬಸ್‌ಪೇಟೆಯ ಪಕ್ಕದಲ್ಲೇ ಇರುವ ಶಿವಗಂಗೆ ಬೆಟ್ಟ ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆಂದು ಸುತ್ತಲಿನ ಜನ ಹೇಳುತ್ತಾರೆ. ಬೆಟ್ಟ ಒಂದೇ, ರೂಪ ನಾಲ್ಕು. ವೆಬ್ ಸರ್ವರಿನ ಒಂದು ದೋಷವೂ ಹೀಗೆಯೇ. ಜಾಲತಾಣ ತೆರೆದವರಿಗೆ ಅದು ಬರೀ ಬಿಳಿ ಪುಟ, ಇಲ್ಲವೇ '500' ಎಂಬ ಸಂಖ್ಯೆ. ಪ್ರಾಜೆಕ್ಟ್ ಮಾಡಿದ ವಿದ್ಯಾರ್ಥಿಗೆ ತಿಂಗಳುಗಟ್ಟಲೆ ದುಡಿದದ್ದು ಮಣ್ಣುಪಾಲಾಯಿತೆಂಬ ಭೀತಿ. ತಂದೆ ತಾಯಿಗೆ, ಇನ್ನೆಷ್ಟು ಖರ್ಚು ಕಾದಿದೆಯೋ ಎಂಬ ಚಿಂತೆ. ವಾಸ್ತವದಲ್ಲಿ ಕಾಣೆಯಾಗಿರುವುದು ಡೇಟಾಬೇಸಿನೊಂದಿಗೆ ಮಾತನಾಡುವ ಪುಟ್ಟದೊಂದು ತಂತ್ರಾಂಶ. ಅದರ ಹೆಸರು ಎಕ್ಸ್‌ಟೆನ್ಷನ್.

ನಾಲ್ವರ ಸಂಸಾರ

ಬಿಸಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟುವ ಅನೇಕ ಜಾಲತಾಣಗಳ ಹಿಂದೆ ನಾಲ್ವರಿದ್ದಾರೆ. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಪುಟಗಳನ್ನು ಬಡಿಸುವ ಅಪಾಚೆ, ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಪಿಎಚ್‌ಪಿ ಭಾಷೆ ಮತ್ತು ಮಾಹಿತಿಯನ್ನು ಕಾಪಾಡುವ ಮೈಎಸ್‌ಕ್ಯುಎಲ್. ಕೊನೆಯದರ 'ಮೈ', ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಮೈಕೆಲ್ ವಿಡೆನಿಯಸ್ ಅವರ ಮಗಳ ಹೆಸರು!

ಪಿಎಚ್‌ಪಿಗೆ ಮೈಎಸ್‌ಕ್ಯುಎಲ್‌ನ ಮಾತು ತಾನಾಗಿಯೇ ಬರುವುದಿಲ್ಲ. ಕನ್ನಡ ಬಾರದ ಇಂಗ್ಲಿಷ್ ಅಧಿಕಾರಿಗೂ ಇಂಗ್ಲಿಷ್ ಬಾರದ ರೈತನಿಗೂ ನಡುವೆ ಹಿಂದೆ ದುಭಾಷಿ ನಿಲ್ಲುತ್ತಿದ್ದನಲ್ಲ, ಎಕ್ಸ್‌ಟೆನ್ಷನ್ ಮಾಡುವುದು ಅದೇ ಕೆಲಸ. ದುಭಾಷಿ ಬಾರದ ದಿನ ಕಚೇರಿಯ ಕೆಲಸ ನಿಲ್ಲುತ್ತದೆ, ಆದರೆ ದಫ್ತರದ ಕಡತಗಳು ಎಲ್ಲಿಗೂ ಹೋಗಿರುವುದಿಲ್ಲ.

ಗಾಬರಿಯೇ ಶತ್ರು

ಇದನ್ನರಿಯದೆ ಲಿನಕ್ಸ್ ಅನ್ನೇ ಅಳಿಸಿ ಹೊಸದಾಗಿ ಹಾಕಲು ಹೊರಟರೆ ಮಾತ್ರ ಅನಾಹುತ. ಡಿಸ್ಕ್ ಅಳಿದರೆ ಸುರಕ್ಷಿತವಾಗಿದ್ದ ಮಾಹಿತಿಯೂ ಅದರೊಂದಿಗೆ ಅಳಿಯುತ್ತದೆ. ಆದ್ದರಿಂದ ಮೊದಲ ಹೆಜ್ಜೆ, ಪಿಎಚ್‌ಪಿಯನ್ನು ಬದಿಗಿಟ್ಟು ಕಮಾಂಡ್ ಸಾಲಿನಿಂದ ನೇರವಾಗಿ ಮೈಎಸ್‌ಕ್ಯುಎಲ್ ಒಳಹೊಕ್ಕು ನೋಡುವುದು. ಕೋಷ್ಟಕಗಳು ಅಲ್ಲಿ ಕಂಡರೆ ಅರ್ಧ ಭಯ ಕಳೆದಂತೆ. ಒಡನೆಯೇ 'ಮೈಎಸ್‌ಕ್ಯುಎಲ್‌ಡಂಪ್' ಬಳಸಿ ಒಂದು ಪ್ರತಿ ತೆಗೆದು ಬೇರೆಡೆ ಇಟ್ಟುಕೊಳ್ಳಬೇಕು.

ಎರಡನೆಯದು, ಸರ್ವರಿನ ದೋಷದಾಖಲೆಯನ್ನು ಓದುವುದು. ಬಿಳಿ ಪುಟ ಮುಚ್ಚಿಟ್ಟ ಗುಟ್ಟನ್ನು ಈ ದಾಖಲೆ ಬಿಚ್ಚಿ ಹೇಳುತ್ತದೆ. 'ಗುರುತಿಲ್ಲದ ಫಂಕ್ಷನ್ ಕರೆಯಲಾಗಿದೆ' ಎಂಬ ಅರ್ಥದ ಸಾಲಿದ್ದರೆ ಅದರಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಓದಬೇಕು. ಅದು 'ಮೈಎಸ್‌ಕ್ಯುಎಲ್‌ಐ' ಎಂದು ಆರಂಭವಾದರೆ ಎಕ್ಸ್‌ಟೆನ್ಷನ್ ಇಲ್ಲವೆಂದರ್ಥ. ಕೊನೆಯ 'ಐ' ಇಲ್ಲದೆ ಬರೀ 'ಮೈಎಸ್‌ಕ್ಯುಎಲ್_ಕನೆಕ್ಟ್' ಎಂದಿದ್ದರೆ ಕಥೆಯೇ ಬೇರೆ. ಆ ಹಳೆಯ ಎಕ್ಸ್‌ಟೆನ್ಷನ್ ಅನ್ನು 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7ರಿಂದ ತೆಗೆದುಹಾಕಲಾಯಿತು. ಅಲ್ಲಿ ಏನನ್ನು ಅಳವಡಿಸಿದರೂ ಫಲವಿಲ್ಲ, ಪ್ರೋಗ್ರಾಮನ್ನೇ ತಿದ್ದಬೇಕು. ಹಳೆಯ ಪುಸ್ತಕ ನೋಡಿ ಬರೆದ ಪ್ರಾಜೆಕ್ಟುಗಳು ಎಡವುವುದು ಇಲ್ಲಿಯೇ.

ಒಂದೇ ಊರು, ಎರಡು ಹೆಸರು

ಬ್ರಿಟಿಷ್ ಅಧಿಕಾರಿ ಡಾಬ್ಸ್ ಹೆಸರಿನ ಪೇಟೆ ಜನರ ಬಾಯಲ್ಲಿ ದಾಬಸ್‌ಪೇಟೆ, ಇಂಗ್ಲಿಷ್ ಫಲಕದಲ್ಲಿ ಡಾಬ್ಸ್‌ಪೇಟ್. ಎಕ್ಸ್‌ಟೆನ್ಷನ್ನಿನ ಪ್ಯಾಕೇಜಿಗೂ ಇದೇ ಪಾಡು. ಉಬುಂಟು, ಡೆಬಿಯನ್‌ಗಳಲ್ಲಿ ಅದು 'ಪಿಎಚ್‌ಪಿ-ಮೈಎಸ್‌ಕ್ಯುಎಲ್', ರೆಡ್‌ಹ್ಯಾಟ್ ಬಳಗದಲ್ಲಿ 'ಪಿಎಚ್‌ಪಿ-ಮೈಎಸ್‌ಕ್ಯುಎಲ್‌ಎನ್‌ಡಿ'. ತನ್ನ ಲಿನಕ್ಸ್ ಯಾವುದೆಂದು ತಿಳಿಯದೆ ಹುಡುಕಿದರೆ 'ಸಿಗಲಿಲ್ಲ' ಎಂಬ ಉತ್ತರವೇ ಗತಿ. ಪಿಎಚ್‌ಪಿಯ ಆವೃತ್ತಿ ಬದಲಾಯಿಸಿದಾಗಲೂ ಎಚ್ಚರ ಬೇಕು. ಹಳೆಯ ಆವೃತ್ತಿಯ ದುಭಾಷಿ ಹೊಸದರ ಕೆಲಸಕ್ಕೆ ಬಾರದು.

ಅಳವಡಿಸಿದ ಮೇಲೆ ಅಪಾಚೆಯನ್ನು, ಪಿಎಚ್‌ಪಿ-ಎಫ್‌ಪಿಎಂ ಬಳಸುತ್ತಿದ್ದರೆ ಅದನ್ನೂ ಮರುಚಾಲನೆ ಮಾಡುವುದನ್ನು ಮರೆಯಬಾರದು. ಇಷ್ಟಾದರೂ ಕೆಲವೊಮ್ಮೆ ಒಂದು ಒಗಟು ಉಳಿಯುತ್ತದೆ. ಕಮಾಂಡ್ ಸಾಲಿನಲ್ಲಿ ಕೇಳಿದರೆ ಎಕ್ಸ್‌ಟೆನ್ಷನ್ 'ಇದೆ', ಜಾಲತಾಣ ಮಾತ್ರ 'ಇಲ್ಲ' ಎನ್ನುತ್ತದೆ. ಎರಡೂ ನಿಜವೇ! ಕಮಾಂಡ್ ಸಾಲಿನ ಪಿಎಚ್‌ಪಿಗೂ ಸರ್ವರಿನ ಪಿಎಚ್‌ಪಿಗೂ ಬೇರೆ ಬೇರೆ ಸಂರಚನಾ ಕಡತ, ಕೆಲವೊಮ್ಮೆ ಬೇರೆ ಆವೃತ್ತಿಯೇ ಇರಬಹುದು. 'ಪಿಎಚ್‌ಪಿಇನ್ಫೋ' ಎಂಬ ಫಂಕ್ಷನ್ನನ್ನು ಪುಟವೊಂದರಲ್ಲಿ ಬರೆದು ಬ್ರೌಸರಿನಲ್ಲಿ ತೆರೆದರೆ ಸರ್ವರ್ ಯಾವುದನ್ನು ಓದುತ್ತಿದೆಯೆಂದು ಗೊತ್ತಾಗುತ್ತದೆ. ನೋಡಿಯಾದ ಮೇಲೆ ಆ ಪುಟವನ್ನು ಅಳಿಸಬೇಕು. ಇಲ್ಲದಿದ್ದರೆ ಸರ್ವರಿನ ಒಳಗುಟ್ಟು ಊರಿಗೆಲ್ಲ ತೆರೆದಿಟ್ಟಂತೆ.

ಕನ್ನಡದಲ್ಲಿ ಜಾಲತಾಣ ಮಾಡುವವರು ನೆನಪಿಡಬೇಕಾದ ಇನ್ನೊಂದು ಎಕ್ಸ್‌ಟೆನ್ಷನ್ 'ಎಂಬಿಸ್ಟ್ರಿಂಗ್'. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಶಿವಗಂಗೆ' ಎಂಬ ನಾಲ್ಕು ಅಕ್ಷರದ ಹೆಸರು ಸ್ವರಚಿಹ್ನೆ, ಅನುಸ್ವಾರ ಸೇರಿ 21 ಬೈಟ್! ಇಂಥ ಪಠ್ಯವನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರ ಒಡೆಯುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ಪಿಎಚ್‌ಪಿಯಲ್ಲೇ ಬರೆದದ್ದು. ಅದಕ್ಕೂ ಎಂಬಿಸ್ಟ್ರಿಂಗ್ ಬೇಕೇ ಬೇಕು.

ಹೆತ್ತವರಿಗೂ ಒಂದು ಮಾತು. ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತ ಮಗ ಅಥವಾ ಮಗಳು ಕಾಲಹರಣ ಮಾಡುತ್ತಿದ್ದಾರೆಂದು ಗದರುವ ಮುನ್ನ 'ದಾಖಲೆ ಏನು ಹೇಳುತ್ತಿದೆ?' ಎಂದು ಕೇಳಿ ನೋಡಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಆಮೇಲಷ್ಟೇ ಮುಂದಿನ ಹೆಜ್ಜೆಯಿಡುವ ಅಭ್ಯಾಸ ಮಕ್ಕಳಿಗೆ ಬಂದರೆ, ಆ ಒಂದು ಬಿಳಿ ಪುಟ ಇಡೀ ಸೆಮಿಸ್ಟರಿನ ಪಾಠವನ್ನೇ ಕಲಿಸಿರುತ್ತದೆ.