ಇನ್ನೊಂದು ತುದಿ ಇಲ್ಲದ ದಾರಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕು ಊರುಗಳನ್ನು ಒಂದು ಹಾಳೆಯ ಮೇಲೆ ನಾಲ್ಕು ಚುಕ್ಕೆಗಳಾಗಿ ಗುರುತಿಸಿಕೊಳ್ಳಿ. ಹಾಸನದಿಂದ ಉಳಿದ ಮೂರಕ್ಕೂ ಒಂದೊಂದು ಗೆರೆ ಎಳೆಯಿರಿ. ಹೊಳೆನರಸೀಪುರದಿಂದ ಅರಕಲಗೂಡಿಗೆ ಒಂದು, ಚನ್ನರಾಯಪಟ್ಟಣಕ್ಕೆ ಇನ್ನೊಂದು. ಹಳ್ಳಿಗಳ ಒಳದಾರಿಗಳನ್ನು ಬಿಟ್ಟರೆ ಐದು ರಸ್ತೆಗಳಾದವು. ಯಾವ ರಸ್ತೆಯನ್ನೂ ಎರಡನೆಯ ಸಲ ತುಳಿಯದೆ ಐದನ್ನೂ ಸುತ್ತಿ ಮುಗಿಸಬಹುದೇ?

ಮುಗಿಸಬಹುದು. ಹಾಸನದಿಂದ ಹೊರಟು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮುಟ್ಟಿ ಮತ್ತೆ ಹಾಸನಕ್ಕೆ ಬಂದು, ಅಲ್ಲಿಂದ ನೇರವಾಗಿ ಹೊಳೆನರಸೀಪುರಕ್ಕೆ ಹೋದರಾಯಿತು. ಅರಕಲಗೂಡಿನಿಂದ ಹೊರಟವರಿಗೆ ಮಾತ್ರ ಎಷ್ಟು ತಿಣುಕಿದರೂ ಆಗದು. ಕಾರಣ ಸರಳ. ಒಂದು ಊರಿಗೆ ಬಂದು ಮುಂದೆ ಹೋಗುವಾಗ ಎರಡು ರಸ್ತೆಗಳು ಖರ್ಚಾಗುತ್ತವೆ. ಆದ್ದರಿಂದ ಬೆಸಸಂಖ್ಯೆಯ ರಸ್ತೆಗಳಿರುವ ಊರು ಪ್ರಯಾಣದ ಮೊದಲಾಗಿರಬೇಕು, ಇಲ್ಲವೇ ಕೊನೆಯಾಗಿರಬೇಕು. ಇಲ್ಲಿ ಹಾಸನಕ್ಕೆ ಮೂರು, ಹೊಳೆನರಸೀಪುರಕ್ಕೆ ಮೂರು, ಉಳಿದೆರಡಕ್ಕೆ ಎರಡೆರಡು.

ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ವಿಷಯದಲ್ಲಿ ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಹೇಳಿದ್ದು ಇದನ್ನೇ. ಚುಕ್ಕೆಗಳು, ಅವನ್ನು ಸೇರಿಸುವ ಗೆರೆಗಳು: ಇಷ್ಟಿದ್ದರೆ ಅದು ಗ್ರಾಫ್. ಶಾಲೆಯಲ್ಲಿ ಚೌಕುಳಿ ಹಾಳೆಯ ಮೇಲೆ ಎಳೆಯುವ ಗ್ರಾಫಿಗೂ ಇದಕ್ಕೂ ಹೆಸರೊಂದೇ, ನಂಟಿಲ್ಲ. ರಾಜ್ಯದ ಹಳೆಯ ಹತ್ತನೆಯ ತರಗತಿಯ ಪಠ್ಯದಲ್ಲಿ ಓದಿದ ‘ಎನ್ + ಆರ್ = ಎ + 2’ ಕೆಲವು ತಂದೆತಾಯಿಯರಿಗಾದರೂ ನೆನಪಿದ್ದೀತು; ಅದೂ ಈ ಶಾಸ್ತ್ರದ್ದೇ. ಕರ್ನಾಟಕಕ್ಕೆ ಈ ವಿಷಯ ಹೊಸತಲ್ಲ. ಧಾರವಾಡ ಮತ್ತು ಮೈಸೂರುಗಳಲ್ಲಿ ಪ್ರೊ. ಇ. ಸಂಪತ್‌ಕುಮಾರ್, ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಪ್ರೊ. ವಿ. ಆರ್. ಕುಳ್ಳಿ ಗ್ರಾಫ್ ಸಿದ್ಧಾಂತದಲ್ಲಿ ಸಂಶೋಧನೆ ನಡೆಸಿದವರು.

ಹಾಸನದ ನಕ್ಷೆಗೆ ಮರಳೋಣ. ಬೆಸಸಂಖ್ಯೆಯ ಊರುಗಳು ಎರಡೇ ಏಕೆ? ಒಂದೇ ಇರಬಹುದಿತ್ತಲ್ಲ? ಇರಲಾರದು. ಪ್ರತಿ ರಸ್ತೆಗೂ ಎರಡು ತುದಿ. ಊರೂರಿನ ರಸ್ತೆಗಳನ್ನು ಕೂಡಿದರೆ, 3+3+2+2, ಹತ್ತು, ಐದರ ಇಮ್ಮಡಿ. ಮೊತ್ತ ಯಾವಾಗಲೂ ಸಮಸಂಖ್ಯೆಯೇ ಆದ್ದರಿಂದ ಬೆಸ ಊರುಗಳು ಜೋಡಿಜೋಡಿಯಾಗಿಯೇ ಬರಬೇಕು. ಇದು ಎಂದೂ ತಪ್ಪದ ನಿಯಮ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಹಾಸನದಿಂದ ಎಂದೂ ಮುಗಿಯದ ಒಂದೇ ಒಂದು ರಸ್ತೆ ಹೊರಟಿದೆ, ಅದರಲ್ಲಿ ಮೈಲಿಗೊಂದು ಊರು ಇದೆ ಎಂದು ಭಾವಿಸಿ. ನಡುವಿನ ಪ್ರತಿ ಊರಿಗೂ ಎರಡು ಕಡೆ ದಾರಿ. ಹಾಸನಕ್ಕೆ ಮಾತ್ರ ಒಂದು. ಬೆಸ ಊರು ಒಂದೇ! ಅದರ ಜೋಡಿ ಎಲ್ಲಿ? ಎಲ್ಲೂ ಇಲ್ಲ. ನಿಯಮದ ಸಾಧನೆಯಲ್ಲಿ ‘ಕೂಡಿದರೆ’ ಎಂದೆವಲ್ಲ, ಕೂಡುವುದಕ್ಕೆ ಕೊನೆ ಇರಬೇಕೆಂಬುದು ಆ ಪದದೊಳಗೆ ಅಡಗಿ ಕೂತಿತ್ತು. ಮಕ್ಕಳು ಸಾಧನೆಯನ್ನು ಉರು ಹೊಡೆದು ಅಂಕ ಗಳಿಸುತ್ತಾರೆ, ಸರಿ. ಅದು ಯಾವ ಹೆಜ್ಜೆಯ ಮೇಲೆ ನಿಂತಿದೆ ಎಂದು ಕೇಳುವವರು ಕಡಿಮೆ.

ಅನಂತ ಗ್ರಾಫುಗಳ ಅಧ್ಯಯನ ಹೊರಡುವುದು ಇಂಥ ಹೆಜ್ಜೆಗಳಿಂದಲೇ. ಆಯ್ಲರ್‌ನ ಸೇತುವೆಗಳಾಗಿ ಇನ್ನೂರು ವರ್ಷಕ್ಕೆ, 1936ರಲ್ಲಿ, ಬುಡಾಪೆಸ್ಟಿನ ಡೇನೆಶ್ ಕೋನಿಗ್ ಬರೆದ ಗ್ರಂಥದ ಹೆಸರಿನಲ್ಲೇ ಸಾಂತ ಗ್ರಾಫುಗಳ ಜೊತೆಗೆ ಅನಂತ ಗ್ರಾಫುಗಳೂ ಸೇರಿದ್ದವು. ಅವನ 1927ರ ಒಂದು ಪ್ರಮೇಯವನ್ನು ವಂಶವೃಕ್ಷದಲ್ಲಿ ನೋಡಬಹುದು. ಒಬ್ಬ ಮೂಲಪುರುಷನ ಸಂತತಿ ಅನಂತವಾಗಿದ್ದು, ಯಾರಿಗೂ ಲೆಕ್ಕವಿಲ್ಲದಷ್ಟು ಮಕ್ಕಳಿಲ್ಲದಿದ್ದರೆ, ಎಂದೂ ಮುರಿಯದ ಒಂದು ಕವಲು ಇದ್ದೇ ತೀರುತ್ತದೆ. ಮೂಲಪುರುಷನಿಗೇ ಅನಂತ ಮಕ್ಕಳಿದ್ದರೆ? ಮೊದಲನೆಯವನ ಕವಲು ಒಂದು ತಲೆಮಾರಿಗೆ, ಎರಡನೆಯವನದು ಎರಡಕ್ಕೆ, ಮೂರನೆಯವನದು ಮೂರಕ್ಕೆ ನಿಂತುಹೋಗಬಹುದು. ಸಂತತಿ ಅನಂತ, ಮುರಿಯದ ಕವಲು ಒಂದೂ ಇಲ್ಲ! ‘ಇದರಿಂದ ಏನು ಪ್ರಯೋಜನ’ ಎನ್ನುವ ಪೋಷಕರಿಗೆ: ಒಂದು ಕಂಪ್ಯೂಟರ್ ಪ್ರೋಗ್ರಾಂ ಕೊನೆಗೆ ನಿಲ್ಲುತ್ತದೆಯೇ ಎಂದು ಸಾಧಿಸುವಾಗ ಬಳಸುವ ಸಾಧನಗಳಲ್ಲಿ ಈ ಪ್ರಮೇಯವೂ ಒಂದು.

ಮುಗಿಯದ ರಸ್ತೆಜಾಲವನ್ನು ಒಂದೇ ಪ್ರಯಾಣದಲ್ಲಿ ಸುತ್ತುವ ಬಗೆಯನ್ನು ಅದೇ 1936ರಲ್ಲಿ ಬಿಡಿಸಿದವರು ಬುಡಾಪೆಸ್ಟಿನ ಮೂವರು ತರುಣರು: ಪಾಲ್ ಎರ್ಡಿಶ್, ಟಿಬೋರ್ ಗಲ್ಲಾಯ್, ಎಂಡ್ರೆ ವಾಜೋನಿ. ಎರ್ಡಿಶ್‌ಗೆ ಆಗ 23, ವಾಜೋನಿಗೆ 20. ಅವರ ಉತ್ತರವನ್ನು ಹೀಗೆ ಹೇಳಬಹುದು. ಜಾಲ ಬಿಡಿಬಿಡಿಯಾಗಿರದೆ ಒಂದಕ್ಕೊಂದು ಕೂಡಿರಬೇಕು. ಪ್ರತಿ ಊರಿಗೂ ಎಣಿಸುವಷ್ಟೇ ರಸ್ತೆಗಳಿರಬೇಕು. ಆಗ ಒಂದು ಊರಿನಿಂದ ಹೊರಟು ಎಂದೂ ನಿಲ್ಲದೆ ಎಲ್ಲ ರಸ್ತೆಗಳನ್ನೂ ಒಂದೊಂದೇ ಸಲ ತುಳಿಯಬೇಕಾದರೆ, ಬೆಸ ಊರು ಸರಿಯಾಗಿ ಒಂದೇ ಇರಬೇಕು. ಜೊತೆಗೆ, ಎಣಿಸಬಹುದಾದಷ್ಟು ರಸ್ತೆಗಳನ್ನು ಎಲ್ಲಿಯೇ ಕಿತ್ತರೂ, ಅನಂತವಾದ ತುಂಡು ಒಂದೇ ಉಳಿಯಬೇಕು. ಎರಡು ಉಳಿದರೆ? ಒಂದರೊಳಗೆ ಹೊಕ್ಕವನು ಅದನ್ನು ಮುಗಿಸಿ ಇನ್ನೊಂದಕ್ಕೆ ಬರುವುದು ಯಾವಾಗ?

ಈಗ ಹಾಸನವನ್ನು ನಡುವೆ ಇಟ್ಟು ಮೂರು ರಸ್ತೆಗಳನ್ನೆಳೆಯಿರಿ: ಒಂದು ಚನ್ನರಾಯಪಟ್ಟಣವನ್ನು, ಒಂದು ಹೊಳೆನರಸೀಪುರವನ್ನು, ಮತ್ತೊಂದು ಅರಕಲಗೂಡನ್ನು ಹಾದು ಎಂದೂ ಮುಗಿಯದೆ ಹೋಗಲಿ, ಒಂದನ್ನೊಂದು ಎಲ್ಲೂ ಕೂಡದಿರಲಿ. ಬೆಸ ಊರು ಹಾಸನ ಒಂದೇ. ಒಂದೇ ಪ್ರಯಾಣದಲ್ಲಿ ಮೂರನ್ನೂ ತುಳಿಯಬಹುದೇ? ಹಾಸನಕ್ಕೆ ಹತ್ತಿದ ಮೂರು ತುಂಡುಗಳನ್ನು ಅಳಿಸಿ ನೋಡಿ.