ಜಪಾನಿನ ಒಬೊನ್: ಪರದೇಶದಲ್ಲೂ ಒಂದು ಹಿರಿಯರ ಹಬ್ಬ

ಆಗಸ್ಟ್ ಎರಡನೇ ವಾರ ಬಂತೆಂದರೆ ಕೆಲಸಕ್ಕೋ ಓದಿಗೋ ಜಪಾನಿಗೆ ಹೋದ ಭಾರತೀಯರಿಗೆ ಅಚ್ಚರಿ ಕಾದಿರುತ್ತದೆ. ಎಷ್ಟೋ ಕಚೇರಿಗಳು ಖಾಲಿ, ರೈಲುಗಳು ಮಾತ್ರ ಭರ್ತಿ. ಪಕ್ಕದ ಸೀಟಿನವರನ್ನು ಕೇಳಿದರೆ, "ಒಬೊನ್‌ಗೆ ಊರಿಗೆ ಹೋಗಬೇಕು" ಎನ್ನುತ್ತಾರೆ.

ತೀರಿಕೊಂಡ ಹಿರಿಯರು ಮನೆಗೆ ಬಂದು ಹೋಗುತ್ತಾರೆ ಎಂಬ ನಂಬಿಕೆಯ ಬೌದ್ಧ ಹಬ್ಬವಿದು. ಬಹುತೇಕ ಕಡೆ ಆಗಸ್ಟ್ 13ರಿಂದ 16ರವರೆಗೆ ನಡೆಯುತ್ತದೆ. ಟೋಕಿಯೊದ ಹಲವೆಡೆ ಜುಲೈ ತಿಂಗಳಲ್ಲೇ ಮುಗಿಯುತ್ತದೆ. ಜಪಾನ್ 1873ರಲ್ಲಿ ಹೊಸ ಕ್ಯಾಲೆಂಡರ್‌ಗೆ ಬದಲಾದದ್ದೇ ಈ ವ್ಯತ್ಯಾಸಕ್ಕೆ ಕಾರಣ. ಓಕಿನಾವಾದಲ್ಲಿ ಇಂದಿಗೂ ಹಳೆಯ ಚಾಂದ್ರಮಾನ ಲೆಕ್ಕವೇ ನಡೆಯುತ್ತದೆ.

ಹಬ್ಬದ ಹಿಂದಿನ ಕಥೆ

ಬುದ್ಧನ ಶಿಷ್ಯ ಮೌದ್ಗಲ್ಯಾಯನನಿಗೆ ತನ್ನ ತಾಯಿ ಪ್ರೇತಲೋಕದಲ್ಲಿ ಹಸಿದಿರುವುದು ಕಾಣಿಸಿತಂತೆ. ಆತ ಕೊಟ್ಟ ಅನ್ನ ಆಕೆಯ ಬಾಯಿ ಸೇರುವ ಮೊದಲೇ ಬೆಂಕಿಯಾಯಿತು. ಮಳೆಗಾಲದ ವಾಸ ಮುಗಿಸಿದ ಭಿಕ್ಷುಗಳಿಗೆ ಊಟ ನೀಡು ಎಂದು ಬುದ್ಧ ಹೇಳಿದ. ಹಾಗೆ ಮಾಡಿದಾಗ ತಾಯಿಗೆ ಬಿಡುಗಡೆ ಸಿಕ್ಕಿತು. ಆ ಸಂತೋಷಕ್ಕೆ ಆತ ಕುಣಿದದ್ದೇ 'ಬೊನ್ ಒದೊರಿ' ನೃತ್ಯದ ಮೂಲ ಎನ್ನುವುದುಂಟು.

ಸೌತೆಕಾಯಿ ಕುದುರೆ, ಬದನೆಕಾಯಿ ಹಸು

13ರ ಸಂಜೆ ಬಾಗಿಲ ಮುಂದೆ ಸಣ್ಣ ಬೆಂಕಿ ಹಚ್ಚಿ ಹಿರಿಯರನ್ನು ಬರಮಾಡಿಕೊಳ್ಳುತ್ತಾರೆ. ಸೌತೆಕಾಯಿ ಮತ್ತು ಬದನೆಕಾಯಿಗೆ ಕಡ್ಡಿಗಳ ಕಾಲು ಸಿಕ್ಕಿಸಿ ಪೂಜೆಯ ಜಾಗದಲ್ಲಿ ಇಡುವ ಪದ್ಧತಿ ಹಲವು ಮನೆಗಳಲ್ಲಿದೆ. ಬೇಗ ಬರಲಿ ಎಂದು ಸೌತೆಕಾಯಿಯ ಕುದುರೆ, ನಿಧಾನವಾಗಿ ಮರಳಲಿ ಎಂದು ಬದನೆಕಾಯಿಯ ಹಸು. 16ರಂದು ಮತ್ತೆ ಬೆಂಕಿ ಹಚ್ಚಿ ಬೀಳ್ಕೊಡುತ್ತಾರೆ. ಅಂದು ರಾತ್ರಿ ಕ್ಯೋಟೊ ಸುತ್ತಲಿನ ಐದು ಬೆಟ್ಟಗಳ ಮೇಲೆ ಉರಿಯುವ ದೊಡ್ಡ ಬೆಂಕಿಯೂ ಇದೇ ಬೀಳ್ಕೊಡುಗೆ.

ಇದನ್ನು ನೋಡುವ ಕನ್ನಡಿಗರಿಗೆ ಪಿತೃಪಕ್ಷ ನೆನಪಾಗದೇ ಇರದು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಇಷ್ಟವಾದ ಅಡುಗೆ ಮಾಡಿ ಎಡೆ ಇಡುವುದೂ ಇದೇ ಭಾವದಿಂದಲೇ.

ಪಾಲ್ಗೊಳ್ಳುವುದು ಹೇಗೆ?

ಬಡಾವಣೆಯ ಬೊನ್ ಒದೊರಿಗೆ ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಬಹುದು. ನಡುವೆ ಕಟ್ಟಿದ ಅಟ್ಟಣಿಗೆಯ ಸುತ್ತ ಜನ ವೃತ್ತವಾಗಿ ಕುಣಿಯುತ್ತಾರೆ. ಮುಂದಿನವರ ಹೆಜ್ಜೆ ನೋಡಿಕೊಂಡು ಹೆಜ್ಜೆ ಹಾಕಿದರೆ ಸಾಕು. ಯುಕಾತ ಉಡುಪು ಧರಿಸುವುದಾದರೆ ಎಡ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬರುವುದು ಶವಕ್ಕೆ ಉಡಿಸುವಾಗ ಮಾತ್ರ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚುವುದೂ ಸಾವಿನ ಮನೆಯ ಕ್ರಮ.

ಮನೆಯೊಂದಕ್ಕೆ ಕರೆದರೆ ಅನುಮತಿ ಇಲ್ಲದೆ ಫೋಟೊ ತೆಗೆಯಬೇಡಿ. ಅಲ್ಲಿ ಬಿಳಿ ಲಾಟೀನು ಕಂಡರೆ, ಅದು ಸಾವಾದ ನಂತರದ ಮೊದಲ ಒಬೊನ್ ಇರಬಹುದು. ಅವರ ದುಃಖ ಇನ್ನೂ ಹಸಿಯಾಗಿರುತ್ತದೆ.

ಈ ದಿನಗಳಲ್ಲಿ ಎಷ್ಟೋ ಸಣ್ಣ ಕ್ಲಿನಿಕ್, ಅಂಗಡಿಗಳು ಮುಚ್ಚಿರುತ್ತವೆ. ಔಷಧಿ ಮೊದಲೇ ತಂದಿಟ್ಟುಕೊಳ್ಳಿ. ಶಿಂಕಾನ್‌ಸೆನ್ ಟಿಕೆಟ್ ಒಂದು ತಿಂಗಳು ಮೊದಲೇ ಮಾರಾಟಕ್ಕೆ ಬರುತ್ತದೆ.

ಊರಲ್ಲಿ ಅಜ್ಜಿಯೋ ಅಪ್ಪನೋ ತೀರಿಕೊಂಡಾಗ ರಜೆ, ಟಿಕೆಟ್ ಸಿಗದೆ ಮುಖ ನೋಡಲಾಗದವರು ಪರದೇಶದಲ್ಲಿ ಬಹಳ ಮಂದಿ. ಅಂಥವರು ನೆರೆಮನೆಯ ಬಾಗಿಲ ಬೆಂಕಿಯ ಮುಂದೆ ಒಂದು ನಿಮಿಷ ಕೈಮುಗಿದು ನಿಂತರೆ, ಯಾರನ್ನು ನೆನೆಯುತ್ತಿದ್ದಾರೆಂದು ಯಾರೂ ಕೇಳುವುದಿಲ್ಲ.