ಜ್ವರ ಬಿಟ್ಟಿತು, ಬೆರಳು ಬಿಡಲಿಲ್ಲ

2006ರಲ್ಲಿ ದೇಶದ ಸುಮಾರು 14 ಲಕ್ಷ ಮಂದಿಗೆ ಚಿಕುನ್‌ಗುನ್ಯಾ ಬಂದಿರಬಹುದೆಂದು ಸರಕಾರ ಲೆಕ್ಕ ಹಾಕಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕರ್ನಾಟಕದವರು. ಅದೇ ಲೆಕ್ಕದಲ್ಲಿ ಸಾವಿನ ಕಾಲಂ ಸೊನ್ನೆ. ಆ ಸೊನ್ನೆ ನೋಡಿದವರು ಇದೇನು ದೊಡ್ಡ ಕಾಯಿಲೆ ಅಂದುಕೊಂಡರೆ ನಾನು ಬೇಸರಿಸುವುದಿಲ್ಲ. ಬೀಡಿ ಕಟ್ಟಿ ನೋಡಿ ಅನ್ನುತ್ತೇನೆ, ಅಷ್ಟೆ.

ನಾನಿರುವುದು ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ. ಹಿಂದೊಮ್ಮೆ ಚೌಟ ಅರಸರ ರಾಜಧಾನಿಯಾಗಿದ್ದ ಊರು. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟುತ್ತಿದ್ದೇನೆ. ನೆನೆಸಿಟ್ಟ ಎಲೆಯನ್ನು ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪಿನ ಪುಡಿ ಹರವಿ ಸುತ್ತಬೇಕು, ನೂಲು ಕಟ್ಟಬೇಕು, ತುದಿ ಮಡಚಿ ಒಳಕ್ಕೆ ಒತ್ತಬೇಕು. ದುಡಿಯುವುದೆಲ್ಲ ಹೆಬ್ಬೆರಳು, ತೋರುಬೆರಳು, ಮಣಿಕಟ್ಟು. ಮಜೂರಿ ಸಾವಿರಕ್ಕೆ ಇಷ್ಟು ಅಂತ. ಚಿಕುನ್‌ಗುನ್ಯಾ ಹುಡುಕಿಕೊಂಡು ಬರುವುದೂ ಇವೇ ಸಣ್ಣ ಗಂಟುಗಳನ್ನು.

ದಕ್ಷಿಣ ಕನ್ನಡಕ್ಕೆ ಅದು ಜೋರಾಗಿ ಬಂದದ್ದು 2008ರಲ್ಲಿ. ಆ ವರ್ಷ ಕರಾವಳಿಯಲ್ಲಿ ಸಿಕ್ಕಿದ ವೈರಸ್ ಒಂದು ಸಣ್ಣ ರೂಪಾಂತರ ಹೊಂದಿತ್ತು. ಅದರಿಂದಾಗಿ ಈಡಿಸ್ ಆಲ್ಬೋಪಿಕ್ಟಸ್ ಎಂಬ ಸೊಳ್ಳೆಯಲ್ಲಿ ಅದು ಸುಲಭವಾಗಿ ಬೆಳೆಯುತ್ತಿತ್ತು. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ಇರುವುದು ತೋಟದಲ್ಲಿ. ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಹಾಲಿನ ಗೆರಟೆಯಲ್ಲಿ, ಒಡೆದ ಮಡಕೆಯಲ್ಲಿ ಒಂದು ವಾರ ಮಳೆನೀರು ನಿಂತರೂ ಅದಕ್ಕೆ ಸಾಕು. ಕೋಳಿ ತಿಂದರೆ ಬರುತ್ತದೆ ಅಂತ ಕೋಳಿ ಬಿಟ್ಟವರೂ ನಮ್ಮಲ್ಲಿದ್ದರು. ಪಾಪ, ಕೋಳಿ.

ನನ್ನ ಜ್ವರ ಒಂದು ವಾರದೊಳಗೆ ಬಿಟ್ಟಿತು. ಆಮೇಲೆ ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಆಗದು. ಅತ್ತೆ ನೆಕ್ಕಿಸೊಪ್ಪು ಹಾಕಿ ಕುದಿಸಿದ ನೀರಲ್ಲಿ ಕೈ ಅದ್ದಿಸುತ್ತಿದ್ದರು. ಅದು ಆರುವಷ್ಟು ಹೊತ್ತು ಹಾಯೆನಿಸುತ್ತಿತ್ತು. ಬಾವಿಯ ಹಗ್ಗ ಹಿಡಿಯಲಾಗುತ್ತಿರಲಿಲ್ಲ. ಮಗಳ ಜಡೆಯನ್ನು ಪಕ್ಕದ ಮನೆಯವಳು ಹಾಕಿ ಕಳಿಸುತ್ತಿದ್ದಳು. ಅವಳೇ ಒಂದು ದಿನ, “ಜ್ವರ ಬಿಟ್ಟಿತಲ್ಲ ಅಕ್ಕ, ಇನ್ನೆಂತದು?” ಅಂದಳು. ಕುಹಕವೇನಲ್ಲ. ನೋಡುವವರಿಗೆ ಬಾವು ಕಾಣದಿದ್ದರೆ ನೋವೂ ಇಲ್ಲ. ಬೀಡಿ ಸಡಿಲವಾಗಿ, ಕಟ್ಟಿದ್ದನ್ನು ಎಣಿಸಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನಲ್ಲಿ ಒಂದಷ್ಟು ಬದಿಗೆ ಬೀಳತೊಡಗಿದವು. ಅವಕ್ಕೆ ಮಜೂರಿ ಇಲ್ಲ.

ವೈರಸ್ ರಕ್ತದಿಂದ ಬೇಗ ಹೋಗುತ್ತದಂತೆ. ಅದನ್ನು ಓಡಿಸಲು ಎದ್ದ ದೇಹದ ರಕ್ಷಣಾ ವ್ಯವಸ್ಥೆ ಮಾತ್ರ ಗಂಟುಗಳಲ್ಲಿ ಉರಿಯೂತ ಎಬ್ಬಿಸಿಕೊಂಡು ಉಳಿಯುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕೆಲವರಿಗೆ ತಿಂಗಳು, ವರ್ಷ. ವಯಸ್ಸಾದವರು, ಮೊದಲೇ ಗಂಟುನೋವಿದ್ದವರು ಹೆಚ್ಚು ಅನುಭವಿಸುತ್ತಾರೆ. 2005-06ರಲ್ಲಿ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಮೂರರಲ್ಲೊಂದು ಭಾಗ ಜನ ಮಲಗಿದ್ದರು. ವರ್ಷಗಳ ನಂತರ ವಿಚಾರಿಸಿದಾಗಲೂ ನೋವು ಹೇಳುವವರು ಅಲ್ಲಿ ಬಹಳ ಮಂದಿ ಇದ್ದರು.

ಕಾಯಿಲೆ ಬಿಟ್ಟರೂ ಕೈ ಸರಿಯಾಗದ್ದನ್ನು ನಾನು ಮೊದಲು ಕಂಡದ್ದು ತವರಿನಲ್ಲಿ, ಬೆಳ್ತಂಗಡಿ ತಾಲೂಕಿನ ನಿಡ್ಲೆ ಕಡೆ. ಗೇರು ಬೆಳೆಸಲು ಅಲ್ಲಿಯ ಕಾಡು ಕಡಿದ ಮೇಲೆ, 1983ರ ಹೊತ್ತಿಗೆ, ಮಂಗನ ಕಾಯಿಲೆ ಎದ್ದು ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ಉಣ್ಣಿಯಿಂದ ಬರುವ ಕಾಯಿಲೆ, ಸಾವಿನ ಕಾಲಂ ತುಂಬಿದ ಕಾಯಿಲೆ. ನಮ್ಮ ಸೋದರಮಾವ ಬದುಕಿದರು. ಬದುಕಿದ್ದೇ ದೊಡ್ಡದು ಅಂತ ಎಲ್ಲರೂ ಹೇಳಿದರು, ನಿಜವೂ ಹೌದು. ಆದರೆ ಮಳೆಗಾಲ ಬಂದರೂ ಅವರ ಕೈ ನಡುಗುವುದು ನಿಂತಿರಲಿಲ್ಲ. ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಆ ವರ್ಷ ನೇಗಿಲು ಹಿಡಿದದ್ದು ಮಾಮಿ.

ಬದುಕು ಹೇಗಿದೆ ಎಂದು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ 26 ಪ್ರಶ್ನೆಗಳ ಪಟ್ಟಿಯೊಂದಿದೆ. ನಿದ್ದೆ ಹೇಗೆ, ನೋವು ಕೆಲಸಕ್ಕೆ ಅಡ್ಡ ಬರುತ್ತದೆಯೆ, ಮನಸ್ಸು ಕುಗ್ಗುತ್ತದೆಯೆ, ಗೆಳೆಯರ ಆಸರೆ ಇದೆಯೆ, ಖರ್ಚಿಗೆ ಹಣ ಸಾಲುತ್ತದೆಯೆ ಎಂದೆಲ್ಲ ಕೇಳುತ್ತದೆ. ಹಣದ ಪ್ರಶ್ನೆ ಹಾಕಿದವರು ಬುದ್ಧಿವಂತರು. ನಮ್ಮ ಮನೆಯಲ್ಲಿ ಉಳಿದದ್ದೆಲ್ಲ ಕೆಟ್ಟದ್ದು ಅದೊಂದರಿಂದ. ಸಾವಿರ ಕಟ್ಟುವ ಕೈ ಮುನ್ನೂರಕ್ಕೆ ಇಳಿದರೆ ಸಂಘದ ಸಾಲದ ಕಂತು ನಿಲ್ಲುತ್ತದೆ, ಕಂತು ನಿಂತರೆ ನಿದ್ದೆ ಹೋಗುತ್ತದೆ.

ನೋವು ತಡೆಯದೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡವರು ಊರಲ್ಲಿ ಅನೇಕರಿದ್ದರು. ಹಾಕಿದ ದಿನ ಓಡಾಟ, ಮದ್ದಿನ ಬಲ ಇಳಿದ ಮೇಲೆ ಮತ್ತೆ ಗೋಡೆ ಹಿಡಿದು ನಡಿಗೆ. ಸ್ಟಿರಾಯ್ಡನ್ನು ಡಾಕ್ಟರ ನಿಗಾ ಇಲ್ಲದೆ ಪದೇ ಪದೇ ಕೊಟ್ಟರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಜ್ವರದ ಮೊದಲ ದಿನಗಳಲ್ಲಿ ಡೆಂಗಿ ಅಲ್ಲವೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವವಾದೀತು. ಮೂರು ತಿಂಗಳಾದರೂ ಬಾವು ಇಳಿಯದಿದ್ದರೆ ಗಂಟುವಾತದ ತಜ್ಞರಿಗೆ ತೋರಿಸಬೇಕು. ನನಗೆ ಹೆಚ್ಚು ಉಪಕಾರವಾದದ್ದು ಬೆಚ್ಚಗಿನ ನೀರಲ್ಲಿ ಬೆರಳು ಮಡಚಿ ಬಿಚ್ಚುವ ಅಭ್ಯಾಸ, ಮತ್ತೆ ನೂಲು ಕಟ್ಟುವ ಕೆಲಸ ಮಗಳು ವಹಿಸಿಕೊಂಡದ್ದು. ಅವಳ ಓದಿನ ಹೊತ್ತು ಅದಕ್ಕೆ ಹೋಯಿತು. ಆ 26ರಲ್ಲಿ ಮಗಳ ಪ್ರಶ್ನೆ ಇಲ್ಲ.

ಈಗ ದಿನಕ್ಕೆ ಐನೂರು ಕಟ್ಟುತ್ತೇನೆ. ಕಡಿಮೆಯಾದ ಐನೂರರಲ್ಲಿ ಚಿಕುನ್‌ಗುನ್ಯಾದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಅಂತ ಡಾಕ್ಟರಲ್ಲಿ ಕೇಳಿದೆ. ಅವರು ನಕ್ಕರು. ಬ್ರಾಂಚಿನವರು ಅದನ್ನೆಲ್ಲ ಕೇಳುವುದಿಲ್ಲ, ಎಣಿಸುತ್ತಾರೆ.